ಗ್ಯಾಪ್ ಮೊದಲು, ಟೈಮಿಂಗ್ ಆಮೇಲೆ

ಮಾಣಿಯಲ್ಲಿ ಕವಲೊಡೆಯುವ ಹೆದ್ದಾರಿ ಪುತ್ತೂರು, ಸುಳ್ಯ ದಾಟಿ, ಸಂಪಾಜೆ ಘಾಟಿ ಹತ್ತಿ, ಮಡಿಕೇರಿ, ಕುಶಾಲನಗರ, ಹುಣಸೂರು ಹಾದು ಮೈಸೂರು ಸೇರುತ್ತದೆ. ಪುತ್ತೂರಿನಿಂದ ಲೆಕ್ಕ ಹಾಕಿದರೆ ಸುಮಾರು 200 ಕಿಲೋಮೀಟರ್. ಆ ರಸ್ತೆಯ ಮೈಸೂರಿನ ತುದಿಯಲ್ಲಿ, ಯಾದವಗಿರಿಯಲ್ಲಿ, ಐಡಿಯಲ್ ಜಾವಾ ಕಾರ್ಖಾನೆ ಇತ್ತು. ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿಯವರು ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿ ತಂದು 1961ರಲ್ಲಿ ಅಲ್ಲಿ ಬೈಕು ತಯಾರಿ ಶುರು ಮಾಡಿದರು. ಜಯಚಾಮರಾಜೇಂದ್ರ ಒಡೆಯರ್ ಬೆಂಬಲಕ್ಕೆ ನಿಂತಿದ್ದರು. 1973ರಿಂದ ಅದೇ ಬೈಕು ಯೆಜ್ಡಿ ಹೆಸರಿನಲ್ಲಿ ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು.

ಕಾರ್ಖಾನೆ ಹೋದರೂ ಬೈಕುಗಳು ಹೋಗಲಿಲ್ಲ. ಪುತ್ತೂರು, ಸುಳ್ಯ, ಕಡಬದ ಅಡಿಕೆ ತೋಟದ ಮನೆಗಳ ಕೊಟ್ಟಿಗೆಯಲ್ಲೋ ಅಡಿಕೆ ಗೋಣಿಗಳ ಪಕ್ಕದಲ್ಲೋ ಒಂದು ಜಾವಾ, ಒಂದು ಯೆಜ್ಡಿ, ಕೆಲವು ಕಡೆ ಒಂದು ಹಳೆಯ ಬುಲೆಟ್ ಇನ್ನೂ ಕಾಣಸಿಗುತ್ತದೆ. ಅಜ್ಜ ಕೊಂಡದ್ದನ್ನು ಮೊಮ್ಮಗ ಈಗ ಬಣ್ಣ ಹೊಡೆಸಿ, ಸೀಟು ಹೊಲಿಸಿ, ಕ್ರೋಮ್ ಹಾಕಿಸಿ ರಸ್ತೆಗೆ ಇಳಿಸುತ್ತಾನೆ. ಪುತ್ತೂರು ಪೇಟೆಯೊಳಗೆ ಬೊಳುವಾರಿನಿಂದ ದರ್ಬೆಯ ವರೆಗೆ ಬೈಕು ಚಂದ ಓಡುತ್ತದೆ. ಸಂಪಾಜೆಯ ಏರು, ಗುಂಡ್ಯದಿಂದ ಮೇಲಿನ ಶಿರಾಡಿ, ಸುಬ್ರಹ್ಮಣ್ಯದ ಆಚೆಯ ಬಿಸಿಲೆ ಬಂದಾಗ ಮಾತ್ರ ಕತೆ ಬದಲಾಗುತ್ತದೆ. ಪಿಕಪ್ ಇಲ್ಲ, ಎಂಜಿನ್ ಕಾದು ಕೆಂಡ, ಇಲ್ಲವೇ ತಲೆಯೊಳಗಿಂದ ಟಿಕಿ ಟಿಕಿ ಶಬ್ದ. ಆಮೇಲೆ ಗ್ಯಾರೇಜಿನಲ್ಲಿ ಇಂಥದೊಂದು ಮಾತುಕತೆ ನಡೆಯುತ್ತದೆ:

"ಮೇಸ್ತ್ರೀ, ಘಾಟಿ ಹತ್ತುವಾಗ ಎಂತದೋ ಟಿಕಿ ಟಿಕಿ ಬರ್ತದೆ ಮಾರಾಯ್ರೆ. ಟೈಮಿಂಗ್ ಹೋಗಿರಬೇಕು."

"ಪಾಯಿಂಟ್ ಯಾರು ಮುಟ್ಟಿದ್ದು?"

"ನಾನೇ. ಮೊನ್ನೆ ಸ್ವಲ್ಪ ಎಮರಿ ಹಾಕಿ ಉಜ್ಜಿದೆ."

"ಉಜ್ಜಿದ ಮೇಲೆ ಗ್ಯಾಪ್ ನೋಡಿದ್ರಾ?"

"ಅದು ನೋಡ್ಲಿಲ್ಲ."

ಕೊನೆಯ ಎರಡು ಸಾಲಿನಲ್ಲಿ ಇಡೀ ವಿದ್ಯೆ ಇದೆ. ಹಳೆಯ ಬೈಕಿನ ಟೈಮಿಂಗ್ ಕೂರಿಸುವುದು ಪಳಗಿದ ಕಿವಿಗೆ ಮಾತ್ರ ಒಲಿಯುವ ಗುಟ್ಟು ಎಂದು ನಮ್ಮ ಕಡೆ ಒಂದು ನಂಬಿಕೆ ಉಂಟು. ನನ್ನ ಮಟ್ಟಿಗೆ ಅದು ಅರ್ಧ ಸತ್ಯ. ಕಿವಿ ಬೇಕು, ಆದರೆ ಕೊನೆಗೆ. ಮೊದಲು ಬೇಕಾದ್ದು ಅಳತೆ, ಅದರಲ್ಲೂ ಅಳತೆಯ ಸರಿಯಾದ ಕ್ರಮ.

ಕಿಡಿ ಯಾವಾಗ ಹಾರಬೇಕು ಎಂಬುದನ್ನು ಮೊದಲು ನೋಡೋಣ. ಪಿಸ್ಟನ್ ಮೇಲೇರಿ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣವನ್ನು ಒತ್ತುತ್ತದೆ. ಅದು ತೀರಾ ಮೇಲೆ ತಲುಪುವ ಜಾಗಕ್ಕೆ ಗ್ಯಾರೇಜಿನಲ್ಲಿ 'ಟಾಪ್' ಎನ್ನುತ್ತಾರೆ. ಕಿಡಿ ಟಾಪಿನಲ್ಲೇ ಹಾರಿದರೆ ಸಾಕಲ್ಲವೇ ಎಂದು ಅನಿಸುವುದು ಸಹಜ. ಸಾಲದು, ಏಕೆಂದರೆ ಮಿಶ್ರಣ ಉರಿದು ಒತ್ತಡ ಏರಲು ಹೊತ್ತು ಬೇಕು. ನಿಮಿಷಕ್ಕೆ 3,000 ಸುತ್ತು ತಿರುಗುವ ಎಂಜಿನ್ನಿನಲ್ಲಿ ಒಂದು ಸುತ್ತಿಗೆ ಸಿಗುವುದು ಒಂದು ಸೆಕೆಂಡಿನ ಐವತ್ತನೇ ಒಂದು ಪಾಲು. ಗರಿಷ್ಠ ಒತ್ತಡ ಪಿಸ್ಟನ್ ಟಾಪ್ ದಾಟಿ ಸ್ವಲ್ಪ ಕೆಳಗಿಳಿದಾಗ, ಅಂದರೆ ಕ್ರ್ಯಾಂಕ್ ಹದಿನೈದು ಡಿಗ್ರಿಯ ಆಸುಪಾಸು ತಿರುಗಿದ ಮೇಲೆ, ಬಿದ್ದರೆ ತಳ್ಳು ಚೆನ್ನಾಗಿರುತ್ತದೆ. ಹಾಗಾಗಬೇಕಾದರೆ ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಕಿಡಿ ಹಾರಬೇಕು. ಯಕ್ಷಗಾನದ ಚೆಂಡೆಯವರ ಕೋಲು ಪೆಟ್ಟು ಕೇಳುವುದಕ್ಕೆ ಮೊದಲೇ ಮೇಲೆದ್ದಿರುತ್ತದಲ್ಲ, ಹಾಗೆ.

ಎಷ್ಟು ಮೊದಲು? ಜಾವಾ ಮತ್ತು ಯೆಜ್ಡಿಯ 250 ಸಿಸಿ ಎಂಜಿನ್ನುಗಳಲ್ಲಿ ಪಿಸ್ಟನ್ ಟಾಪಿಗಿಂತ ಸುಮಾರು 3 ಮಿಲಿಮೀಟರ್ ಕೆಳಗಿರುವಾಗ. ಮಾದರಿಯಿಂದ ಮಾದರಿಗೆ ಇದು ಕೆಲವು ದಶಾಂಶ ಹೆಚ್ಚು ಕಡಿಮೆ ಆಗುತ್ತದೆ, ನಿಮ್ಮ ಗಾಡಿಯ ಕೈಪಿಡಿಯಲ್ಲಿರುವ ಅಂಕಿಯೇ ಅಂತಿಮ. ಈ ಎಂಜಿನ್ನಿನ ಬೋರ್ 65 ಮಿ.ಮೀ., ಸ್ಟ್ರೋಕ್ 75 ಮಿ.ಮೀ. ಆ ಲೆಕ್ಕದಲ್ಲಿ 3 ಮಿ.ಮೀ. ಎಂದರೆ ಕ್ರ್ಯಾಂಕಿನ ಸುಮಾರು 20 ಡಿಗ್ರಿ. ಪಾಯಿಂಟ್ ಇರುವ ಹಳೆಯ 350 ಬುಲೆಟ್ಟಿನ ಅಂಕಿ ಬೇರೆಯೇ: 0.8 ಮಿ.ಮೀ. ಬುಲೆಟ್ಟಿಗೇಕೆ ಇಷ್ಟು ಕಡಿಮೆ ಎಂದು ಗಾಬರಿಯಾಗಬೇಡಿ. ಅದರಲ್ಲಿ ವೇಗ ಏರಿದಂತೆ ಕಿಡಿಯನ್ನು ತಾನಾಗಿ ಮುಂದಕ್ಕೆ ತರುವ, ತೂಕ ಮತ್ತು ಸ್ಪ್ರಿಂಗುಗಳ ಒಂದು ಪುಟ್ಟ ಸಾಧನ ಇದೆ. 0.8 ಎಂಬುದು ಆ ಸಾಧನ ಪೂರ್ತಿ ಹಿಂದೆ ಕೂತಿರುವಾಗಿನ ಅಳತೆ. ಈ 250 ಜಾವಾದಲ್ಲಿ ಅಂಥ ಸೌಕರ್ಯ ಇಲ್ಲ. ಕಿಕ್ ಹೊಡೆಯುವಾಗಲೂ ಘಾಟಿ ಏರುವಾಗಲೂ ಅದೇ 3 ಮಿ.ಮೀ. ಹಾಗಾಗಿ ಅದನ್ನು ಸರಿಯಾಗಿ ಇಡಲೇಬೇಕು.

ಕಿಡಿಯ ಕ್ಷಣವನ್ನು ನಿರ್ಧರಿಸುವುದು ಪಾಯಿಂಟ್. ಅಮೆರಿಕದ ಚಾರ್ಲ್ಸ್ ಕೆಟರಿಂಗ್ 1910ರ ಆಸುಪಾಸಿನಲ್ಲಿ ಕ್ಯಾಡಿಲಾಕ್ ಕಾರುಗಳಿಗಾಗಿ ರೂಪಿಸಿದ ಬ್ಯಾಟರಿ, ಕಾಯಿಲ್, ಪಾಯಿಂಟುಗಳ ಏರ್ಪಾಡೇ ಅರ್ಧ ಶತಮಾನದ ಬಳಿಕ ಯಾದವಗಿರಿಯ ಬೈಕುಗಳಲ್ಲೂ ಇತ್ತು. ಪಾಯಿಂಟ್ ಮುಚ್ಚಿದ್ದಾಗ ಬ್ಯಾಟರಿಯ ಕರೆಂಟು ಕಾಯಿಲಿನ ಮೂಲಕ ಹರಿಯುತ್ತದೆ. ಕ್ಯಾಮ್ ಬಂದು ಪಾಯಿಂಟನ್ನು ಎತ್ತಿದ ಕ್ಷಣ ಆ ಹರಿವು ತುಂಡಾಗುತ್ತದೆ, ಕಾಯಿಲಿನ ಇನ್ನೊಂದು ಸುತ್ತಿನಲ್ಲಿ ಸಾವಿರಾರು ವೋಲ್ಟ್ ಹುಟ್ಟಿ ಪ್ಲಗ್ಗಿನ ತುದಿಯಲ್ಲಿ ಹಾರುತ್ತದೆ. ಅಂದರೆ ಕಿಡಿ ಬರುವುದು ಪಾಯಿಂಟ್ ಮುಚ್ಚುವಾಗ ಅಲ್ಲ, ಬಿಡಿಸಿಕೊಳ್ಳುವಾಗ. ಟೈಮಿಂಗ್ ಎಂದರೆ ಆ ಬಿಡಿಸಿಕೊಳ್ಳುವ ಕ್ಷಣ. ಪಕ್ಕದಲ್ಲಿರುವ ಕಂಡೆನ್ಸರಿನ ಕೆಲಸ ಪಾಯಿಂಟಿನಲ್ಲಿ ಕಿಡಿ ಹಾರಿ ಲೋಹ ಸುಡದಂತೆ ತಡೆಯುವುದು. ಎಂಜಿನ್ ಓಡುವಾಗ ಪಾಯಿಂಟಿನಲ್ಲಿ ದೊಡ್ಡ ನೀಲಿ ಕಿಡಿ ಕಂಡರೆ ಕಂಡೆನ್ಸರ್ ಹೋಗಿದೆ ಎಂದು ತಿಳಿಯಿರಿ. ಆಗ ಟೈಮಿಂಗ್ ಎಷ್ಟು ತಿರುಗಿಸಿದರೂ ಪ್ರಯೋಜನ ಇಲ್ಲ.

ಗ್ಯಾಪಿನ ಮಾತು ಇಲ್ಲಿ ಬರುತ್ತದೆ. ಪಾಯಿಂಟ್ ಪೂರ್ತಿ ತೆರೆದಾಗ ನಡುವಿನ ಸಂದು 0.4 ಮಿ.ಮೀ. ಇರಬೇಕು. ಬುಲೆಟ್ಟಿಗೂ ಹೆಚ್ಚು ಕಡಿಮೆ ಅಷ್ಟೇ, 0.35ರಿಂದ 0.40. ಸಂದು ಜಾಸ್ತಿಯಾದರೆ ಕ್ಯಾಮಿನ ಏರು ಪಾಯಿಂಟನ್ನು ಬೇಗ ಮುಟ್ಟುತ್ತದೆ, ಕಿಡಿ ಮುಂದೆ ಬರುತ್ತದೆ. ಸಂದು ಕಡಿಮೆಯಾದರೆ ಕಿಡಿ ತಡವಾಗುತ್ತದೆ. 0.1 ಮಿ.ಮೀ. ವ್ಯತ್ಯಾಸಕ್ಕೇ ಕೆಲವು ಡಿಗ್ರಿ ಅತ್ತಿತ್ತ ಆಗುತ್ತದೆ. ಎಮರಿ ಹಾಕಿ ಉಜ್ಜಿದವರು ಲೋಹ ತೆಗೆದರು, ಸಂದು ಹೆಚ್ಚಿತು, ಕಿಡಿ ಮುಂದೆ ಹೋಯಿತು, ಘಾಟಿಯಲ್ಲಿ ಟಿಕಿ ಟಿಕಿ ಶುರುವಾಯಿತು. ಪಾಯಿಂಟ್ ಕೂತಿರುವ ತಟ್ಟೆಯನ್ನು ಯಾರೂ ಮುಟ್ಟಲೇ ಇಲ್ಲ, ಆದರೂ ಟೈಮಿಂಗ್ ಬದಲಾಯಿತು. ಇದರ ತಿರುವುಮುರುವೂ ಉಂಟು. ಕ್ಯಾಮಿನ ಮೇಲೆ ಉಜ್ಜುವ ಫೈಬರ್ ಹಿಮ್ಮಡಿ ವರ್ಷಗಟ್ಟಲೆ ಸವೆದಾಗ ಸಂದು ಕಿರಿದಾಗುತ್ತ, ಕಿಡಿ ನಿಧಾನಕ್ಕೆ ಹಿಂದೆ ಸರಿಯುತ್ತ ಹೋಗುತ್ತದೆ. ಬೈಕು ಸೋಮಾರಿಯಾಗುತ್ತದೆ. ವಯಸ್ಸಾಯಿತು ಎಂದು ಸವಾರ ಸಮಾಧಾನ ಮಾಡಿಕೊಳ್ಳುತ್ತಾನೆ.

ಆದ್ದರಿಂದ ಮೊದಲು ಗ್ಯಾಪ್. ಇದು ಮುಗಿಯದೆ ಟೈಮಿಂಗಿಗೆ ಕೈ ಹಾಕಿದರೆ ಎರಡು ಸಲ ಕೆಲಸ. ಟೈಮಿಂಗ್ ಇಟ್ಟ ಮೇಲೆ ಗ್ಯಾಪ್ ಸರಿ ಮಾಡಿದರೆ ಟೈಮಿಂಗ್ ಮತ್ತೆ ಹೋಯಿತು ಎಂದೇ ಲೆಕ್ಕ.

ಇನ್ನು ಕೆಲಸ. ಪ್ಲಗ್ ಕಳಚಿ, ಎಂಜಿನ್ ಹಗುರವಾಗಿ ತಿರುಗುತ್ತದೆ. ಜಾವಾದ ಬಲಬದಿಯ ಕವರ್ ತೆಗೆದರೆ ಡೈನಮೊ, ಅದರ ಮುಂದೆ ಪಾಯಿಂಟ್ ಕೂತ ತಟ್ಟೆ ಕಾಣುತ್ತದೆ. ಎಂಜಿನ್ ತಿರುಗಿಸಲು ಸುಲಭ ದಾರಿ: ಸೆಂಟರ್ ಸ್ಟ್ಯಾಂಡ್ ಹಾಕಿ, ಟಾಪ್ ಗಿಯರಿಗೆ ತಂದು, ಹಿಂದಿನ ಚಕ್ರವನ್ನು ಕೈಯಲ್ಲಿ ಮುಂದಕ್ಕೆ ತಿರುಗಿಸುವುದು. ಪಾಯಿಂಟ್ ಅತ್ಯಂತ ಹೆಚ್ಚು ತೆರೆದ ಜಾಗದಲ್ಲಿ ನಿಲ್ಲಿಸಿ 0.4ರ ಫೀಲರ್ ಗೇಜ್ ಹಾಕಿ ನೋಡಿ. ಎಳೆದರೆ ಸ್ವಲ್ಪ ಹಿಡಿದು ಹಿಡಿದು ಬರಬೇಕು. ಪಾಯಿಂಟಿನ ಮುಖದಲ್ಲಿ ಒಂದು ಕಡೆ ಗುಡ್ಡ, ಎದುರು ಹೊಂಡ ಆಗಿದ್ದರೆ ಫೀಲರ್ ಗೇಜ್ ಸುಳ್ಳು ಹೇಳುತ್ತದೆ, ಹೊಸ ಪಾಯಿಂಟ್ ಹಾಕುವುದೇ ಲೇಸು. ಹೊಸ ಪಾಯಿಂಟಿಗೂ ತುಕ್ಕು ಹಿಡಿಯದಂತೆ ಎಣ್ಣೆಯ ಪಸೆ ಸವರಿರುತ್ತಾರೆ. ಪೆಟ್ರೋಲಿನಲ್ಲಿ ಅದ್ದಿದ ಗಟ್ಟಿ ಕಾಗದದ ತುಂಡನ್ನು ನಡುವೆ ಎಳೆದು ಒರೆಸಿ. ಕ್ಯಾಮಿಗೆ ಗ್ರೀಸ್ ಸಾಸಿವೆಯಷ್ಟು ಸಾಕು. ಹೆಚ್ಚಾದರೆ ಹಾರಿ ಪಾಯಿಂಟಿಗೇ ಬೀಳುತ್ತದೆ.

ಇಲ್ಲೇ ಒಂದು ಪರೀಕ್ಷೆ ಮಾಡಿಬಿಡಿ. ಡೈನಮೊದ ಆರ್ಮೇಚರನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲುಗಿಸಿ. ಜಾವಾದಲ್ಲಿ ಕ್ಯಾಮ್ ಇರುವುದು ಕ್ರ್ಯಾಂಕಿನ ತುದಿಯಲ್ಲೇ. ಕ್ರ್ಯಾಂಕಿನ ಬೇರಿಂಗ್ ಸವೆದು ಆಟ ಬಂದಿದ್ದರೆ ಗ್ಯಾಪ್ ಒಂದೊಂದು ಸುತ್ತಿಗೆ ಒಂದೊಂದು ಥರ. ಆಗ ಟೈಮಿಂಗ್ ಇಡುವುದೇ ವ್ಯರ್ಥ, ಎಂಜಿನ್ ಬಿಚ್ಚಬೇಕು. ಟೈಮಿಂಗ್ ನಿಲ್ಲುವುದಿಲ್ಲ ಎಂದು ಮತ್ತೆ ಮತ್ತೆ ಗ್ಯಾರೇಜಿಗೆ ಬರುವ ಬೈಕುಗಳ ರೋಗ ಬಹಳ ಸಲ ಇದೇ.

ಗ್ಯಾಪ್ ಸರಿಯಾಯಿತು. ಈಗ ಟಾಪ್ ಹುಡುಕಬೇಕು. ನಮ್ಮ ಗ್ಯಾರೇಜುಗಳ ಹಳೆಯ ಸಾಧನ ಸೈಕಲ್ಲಿನ ಸ್ಪೋಕು. ಹಳೆಯ ಪ್ಲಗ್ಗಿನ ಪಿಂಗಾಣಿ ಒಡೆದು ತೆಗೆದು, ಉಳಿದ ಕಬ್ಬಿಣದ ಭಾಗವನ್ನು ಹೆಡ್ಡಿಗೆ ತಿರುಗಿಸಿ, ಅದರೊಳಗೆ ಸ್ಪೋಕನ್ನು ಬಿಟ್ಟು ಪಿಸ್ಟನ್ನಿನ ತಲೆಗೆ ಮುಟ್ಟಿಸುತ್ತಾರೆ. ಸ್ಪೋಕು ಅತ್ಯಂತ ಮೇಲೆ ಬಂದಾಗ ಅಂಚಿಗೆ ಸರಿಯಾಗಿ ಅರದಿಂದ ಒಂದು ಗೀರು. ಅದಕ್ಕಿಂತ 3 ಮಿ.ಮೀ. ಮೇಲೆ ಇನ್ನೊಂದು ಗೀರು. ಪಿಸ್ಟನ್ನನ್ನು ಇಳಿಸಿ, ಮತ್ತೆ ಮುಂದಕ್ಕೆ ಏರಿಸುವಾಗ ಆ ಮೇಲಿನ ಗೀರು ಅಂಚಿಗೆ ಬಂತು ಎಂದರೆ ಪಿಸ್ಟನ್ 3 ಮಿ.ಮೀ. ಕೆಳಗಿದೆ.

ಈ ಅಳತೆಯನ್ನು ಡಿಗ್ರಿಗಿಂತ ಮಿಲಿಮೀಟರಿನಲ್ಲಿ ಹಿಡಿಯುವುದೇ ಜಾಣತನ. ಪಿಸ್ಟನ್ ಟಾಪಿನ ಹತ್ತಿರ ಬಹುತೇಕ ನಿಂತೇ ಬಿಡುತ್ತದೆ. ಟಾಪಿನ ಆಚೆ ಈಚೆ ಐದೈದು ಡಿಗ್ರಿ ಕ್ರ್ಯಾಂಕ್ ತಿರುಗಿದರೂ ಜಾವಾದ ಪಿಸ್ಟನ್ ಇಳಿಯುವುದು ಮಿಲಿಮೀಟರಿನ ಐದನೇ ಒಂದು ಭಾಗಕ್ಕಿಂತ ಕಡಿಮೆ. ಹೀಗಾಗಿ ಟಾಪ್ ಎಷ್ಟನೇ ಡಿಗ್ರಿಯಲ್ಲಿದೆ ಎಂದು ಕಣ್ಣಲ್ಲಿ ಹೇಳುವುದು ಕಷ್ಟ, ಎಷ್ಟು ಎತ್ತರದಲ್ಲಿದೆ ಎಂದು ಹೇಳುವುದು ಸುಲಭ. 3 ಮಿ.ಮೀ. ಕೆಳಗೆ ಬಂದಾಗ ಮಾತ್ರ ಪಿಸ್ಟನ್ ಡಿಗ್ರಿಗೆ ಹೆಚ್ಚು ಕಡಿಮೆ 0.3 ಮಿ.ಮೀ. ಓಡುತ್ತಿರುತ್ತದೆ. ಸ್ಪೋಕಿನ ಗೀರಿನಲ್ಲಿ ಅರ್ಧ ಮಿಲಿಮೀಟರ್ ತಪ್ಪಿದರೂ ಜಾವಾದಲ್ಲಿ ಎರಡು ಡಿಗ್ರಿಯೊಳಗೆ ಮುಗಿಯುತ್ತದೆ.

ಬುಲೆಟ್ಟಿನಲ್ಲಿ ಹಾಗಲ್ಲ. ಅಲ್ಲಿ ಒಟ್ಟು ಅಳತೆಯೇ 0.8. ಅದರಲ್ಲಿ ಅರ್ಧ ಮಿಲಿಮೀಟರ್ ತಪ್ಪಿದರೆ ಏನು ಉಳಿಯಿತು? ಪ್ಲಗ್ಗಿನ ತೂತು ಓರೆಯಾಗಿದ್ದರೆ ಕಡ್ಡಿಯೂ ಓರೆಯಾಗಿ ಹೋಗಿ ಇನ್ನಷ್ಟು ತಪ್ಪಿಸುತ್ತದೆ. ಆದ್ದರಿಂದ ಜಾವಾ, ಯೆಜ್ಡಿಗೆ ಸ್ಪೋಕು ಧಾರಾಳ ಸಾಕು, ಬುಲೆಟ್ಟಿಗೆ ಸಾಲದು ಎಂಬುದು ನನ್ನ ತೀರ್ಮಾನ. ಬುಲೆಟ್ ಇಟ್ಟವರು ಪ್ಲಗ್ಗಿನ ತೂತಿಗೆ ಕೂರಿಸುವ ಡಯಲ್ ಗೇಜನ್ನೋ ಡಿಗ್ರಿ ಚಕ್ರವನ್ನೋ ಬಳಸಿ. ಬುಲೆಟ್ ಫೋರ್ ಸ್ಟ್ರೋಕ್ ಆದ್ದರಿಂದ ಪಿಸ್ಟನ್ ಕಂಪ್ರೆಷನ್ನಿನಲ್ಲಿ ಮೇಲೇರುತ್ತಿದೆಯೇ ಎಂದೂ ಖಚಿತ ಮಾಡಿಕೊಳ್ಳಬೇಕು, ಎರಡೂ ವಾಲ್ವ್ ಮುಚ್ಚಿರಬೇಕು. ಅಲ್ಲಿ ಕ್ಯಾಮ್ ಗಿಯರುಗಳ ಮೂಲಕ ತಿರುಗುವುದರಿಂದ ಹಲ್ಲುಗಳ ನಡುವಿನ ಸಡಿಲವೂ ಲೆಕ್ಕಕ್ಕೆ ಬರುತ್ತದೆ. ಯಾವಾಗಲೂ ಎಂಜಿನ್ ಓಡುವ ದಿಕ್ಕಿನಲ್ಲೇ ತಿರುಗಿಸಿ ಗುರುತಿಗೆ ತನ್ನಿ. ಗುರುತು ದಾಟಿತೋ, ಹಿಂದಕ್ಕೆ ಎಳೆದು ನಿಲ್ಲಿಸಬೇಡಿ. ಸಾಕಷ್ಟು ಹಿಂದೆ ಹೋಗಿ ಮತ್ತೆ ಮುಂದೆ ಬನ್ನಿ.

ಪಿಸ್ಟನ್ ಗುರುತಿನಲ್ಲಿ ನಿಂತಿದೆ. ಪಾಯಿಂಟ್ ಈಗ ಸರಿಯಾಗಿ ಬಿಡಿಸಿಕೊಳ್ಳುವ ಅಂಚಿನಲ್ಲಿರಬೇಕು. ಕಣ್ಣಿಗೆ ಅದು ಕಾಣುವುದಿಲ್ಲ. ಹಳಬರು ಸಿಗರೇಟಿನ ತೆಳು ಕಾಗದವನ್ನು ಪಾಯಿಂಟಿನ ನಡುವೆ ಸಿಕ್ಕಿಸಿ, ಮೆಲ್ಲಗೆ ಎಳೆಯುತ್ತ ಅದು ಸಡಿಲಾಗುವ ಕ್ಷಣ ಹಿಡಿಯುತ್ತಿದ್ದರು. ಚೆನ್ನಾಗಿಯೇ ಕೆಲಸ ಮಾಡುತ್ತದೆ, ಆದರೆ ಕಾಗದದ ಎಳೆ ಪಾಯಿಂಟಿನಲ್ಲಿ ಉಳಿದರೆ ಕಿಡಿಯೇ ಬರುವುದಿಲ್ಲ. ಬಲ್ಬು ಇನ್ನೂ ವಾಸಿ. ಬ್ಯಾಟರಿಯ ವೋಲ್ಟಿಗೆ ತಕ್ಕ ಸಣ್ಣ ಬಲ್ಬು ತೆಗೆದುಕೊಳ್ಳಿ, ಹಳೆಯ ಜಾವಾಕ್ಕೆ 6 ವೋಲ್ಟಿನದು. ಅದರ ಒಂದು ವಯರು ಪಾಯಿಂಟಿನ ವಯರಿಗೆ, ಇನ್ನೊಂದು ಎಂಜಿನ್ನಿನ ಮೈಗೆ. ಕೀ ಹಾಕಿ. ಪಾಯಿಂಟ್ ಮುಚ್ಚಿದ್ದರೆ ಬಲ್ಬು ಉರಿಯುವುದಿಲ್ಲ, ಬಿಡಿಸಿಕೊಂಡ ಕ್ಷಣ ಉರಿಯುತ್ತದೆ. ಪಿಸ್ಟನ್ ಗುರುತಿಗೆ ಬಂದಾಗಲೇ ಬಲ್ಬು ಹೊತ್ತಬೇಕು. ಗುರುತಿಗೆ ಮೊದಲೇ ಹೊತ್ತಿದರೆ ಟೈಮಿಂಗ್ ಮುಂದೆ ಇದೆ, ದಾಟಿದ ಮೇಲೆ ಹೊತ್ತಿದರೆ ಹಿಂದೆ ಇದೆ. ತಟ್ಟೆಯ ಸ್ಕ್ರೂ ಸಡಿಲಿಸಿ, ಕ್ಯಾಮ್ ತಿರುಗುವ ದಿಕ್ಕಿಗೆ ಎದುರಾಗಿ ಸರಿಸಿದರೆ ಕಿಡಿ ಮುಂದೆ ಬರುತ್ತದೆ, ಅದೇ ದಿಕ್ಕಿಗೆ ಸರಿಸಿದರೆ ಹಿಂದೆ ಹೋಗುತ್ತದೆ. ಸ್ಕ್ರೂ ಬಿಗಿ ಮಾಡಿದ ಮೇಲೆ ಇನ್ನೊಮ್ಮೆ ನೋಡಿ. ಬಿಗಿ ಮಾಡುವಾಗ ತಟ್ಟೆ ಒಂದಿಷ್ಟು ಜಾರುವುದು ಮಾಮೂಲು. ಪಾಯಿಂಟ್ ಮುಚ್ಚಿರುವಾಗ ಕೀಯನ್ನು ಬಹಳ ಹೊತ್ತು ಹಾಕಿಡಬೇಡಿ, ಕಾಯಿಲ್ ಕಾದು ಸುಟ್ಟೀತು. ಮಲ್ಟಿಮೀಟರಿನ ಪೀಂ ಶಬ್ದ ನಂಬಿ ಕೆಲಸ ಮಾಡುವವರು ಕಾಯಿಲಿನ ವಯರನ್ನು ಬಿಡಿಸಿಯೇ ನೋಡಬೇಕು. ಇಲ್ಲದಿದ್ದರೆ ಕಾಯಿಲಿನ ಮೂಲಕವೇ ಸುತ್ತಿ ಬಂದು ಪಾಯಿಂಟ್ ತೆರೆದಿದ್ದರೂ ಅದು ಪೀಂ ಎನ್ನುತ್ತಲೇ ಇರುತ್ತದೆ.

ಹಳೆಯ ಬುಲೆಟ್ಟಿನವರಿಗೆ ಬಲ್ಬೂ ಬೇಡ. ಹೆಡ್‌ಲೈಟಿನ ಮೇಲಿರುವ ಆಂಪಿಯರ್ ಮೀಟರಿನ ಮುಳ್ಳು ಅದೇ ಕೆಲಸ ಮಾಡುತ್ತದೆ. ಪಾಯಿಂಟ್ ಮುಚ್ಚಿದ್ದಾಗ ಮುಳ್ಳು ಒಂದು ಕಡೆ ವಾಲಿರುತ್ತದೆ, ಬಿಡಿಸಿಕೊಂಡಾಗ ನಡುವಿಗೆ ಬರುತ್ತದೆ. ಡಿಕಂಪ್ರೆಸರ್ ಹಿಡಿದು ಮುಳ್ಳು ನೋಡಿಕೊಂಡು ಕಿಕ್ ಹೊಡೆಯುತ್ತಿದ್ದ ನಮ್ಮ ಹಿರಿಯರು ದಿನವೂ ಅರಿವಿಲ್ಲದೆ ಟೈಮಿಂಗನ್ನೇ ನೋಡುತ್ತಿದ್ದರು.

ಎರಡು ಸಿಲಿಂಡರಿನ 350 ಯೆಜ್ಡಿ ಇದ್ದರೆ ಎರಡು ಜೊತೆ ಪಾಯಿಂಟ್, ಪ್ರತಿ ಸಿಲಿಂಡರಿಗೂ ಇದೇ ಪೂಜೆ ಪ್ರತ್ಯೇಕ.

ಕಿವಿಯ ಸರದಿ ಈಗ. ಅಳೆದು ಇಟ್ಟ ಟೈಮಿಂಗನ್ನು ಪರೀಕ್ಷಿಸಲು ಸುಳ್ಯದವರಿಗಿಂತ ಅದೃಷ್ಟವಂತರು ಯಾರೂ ಇಲ್ಲ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಮೇಲಿದೆ, ಅಲ್ಲಿಗೆ ಹತ್ತಲು ಸಂಪಾಜೆಯಿಂದ ಒಂದೇ ಸಮನೆ ಏರು. ಎಂಜಿನ್ ಚೆನ್ನಾಗಿ ಕಾದ ಮೇಲೆ, ಎತ್ತರದ ಗಿಯರಿನಲ್ಲಿ, ಕಡಿಮೆ ವೇಗದಲ್ಲಿ ಆಕ್ಸಿಲರೇಟರ್ ಪೂರ್ತಿ ಕೊಟ್ಟು ಸ್ವಲ್ಪ ದೂರ ಕೇಳಿ. ಡಬ್ಬದಲ್ಲಿ ಕಲ್ಲು ಅಲುಗಿಸಿದಂಥ ಶಬ್ದ ಬಂದರೆ ಕಿಡಿ ಬೇಗ ಹಾರುತ್ತಿದೆ. ತಣ್ಣಗಿರುವಾಗ ಕಿಕ್ ಹೊಡೆದರೆ ಲಿವರು ಕಾಲಿಗೆ ತಿರುಗಿ ಒದೆಯುವುದೂ ಅದರದೇ ಲಕ್ಷಣ. ಕಿಕ್ಕೂ ಗಿಯರೂ ಒಂದೇ ಲಿವರಿನಲ್ಲಿರುವ ಜಾವಾದವರಿಗೆ ಈ ಒದೆತದ ಪರಿಚಯ ಇದ್ದೇ ಇರುತ್ತದೆ. ಶಬ್ದ ಇಲ್ಲ, ಆದರೆ ಏರಿನಲ್ಲಿ ಉಸಿರಿಲ್ಲ, ಸೈಲೆನ್ಸರಿನ ಬೆಂಡ್ ಪೈಪು ನೀಲಿಗಟ್ಟುತ್ತದೆ ಎಂದರೆ ಕಿಡಿ ತಡವಾಗಿದೆ. ಉರಿಯುವ ಅನಿಲ ಸಿಲಿಂಡರಿನೊಳಗೆ ಕೆಲಸ ಮುಗಿಸದೆ ಪೈಪಿಗೆ ಹೋಗುತ್ತಿದೆ. ಎರಡರಲ್ಲಿ ಯಾವುದು ಕೆಟ್ಟದು ಎಂದರೆ ಸಂಶಯವಿಲ್ಲದೆ ಮೊದಲನೆಯದು. ಹಿಂದಿಟ್ಟ ಟೈಮಿಂಗ್ ಪೆಟ್ರೋಲ್ ತಿನ್ನುತ್ತದೆ, ಮುಂದಿಟ್ಟ ಟೈಮಿಂಗ್ ಪಿಸ್ಟನ್ ತಿನ್ನುತ್ತದೆ. ಘಾಟಿಯಲ್ಲಿ ಶಬ್ದ ಬಂದರೆ 0.2 ಮಿ.ಮೀ.ನಷ್ಟು ಹಿಂದಕ್ಕೆ ಸರಿಸಿ ಮತ್ತೆ ಕೇಳಿ. ಆಗಲೂ ನಿಲ್ಲದಿದ್ದರೆ ತಟ್ಟೆಯನ್ನು ಬಿಟ್ಟು ಬೇರೆ ಕಡೆ ನೋಡಿ: ಹೆಡ್ಡಿನಲ್ಲಿ ಕಟ್ಟಿದ ಕಾರ್ಬನ್, ಸವೆದ ಆಯಿಲ್ ಸೀಲ್, ಸಿಲಿಂಡರಿನ ಬುಡದ ಗ್ಯಾಸ್ಕೆಟಿನಿಂದ ಒಳಬರುವ ಗಾಳಿ.

ನಮ್ಮ ಮಳೆಗಾಲದ ಬಗ್ಗೆ ಒಂದು ಮಾತು. ಜಾವಾ–ಯೆಜ್ಡಿ ಪ್ರೇಮಿಗಳು ಜುಲೈ ತಿಂಗಳ ಎರಡನೇ ಭಾನುವಾರವನ್ನು ತಮ್ಮ ದಿನ ಎಂದು ಆಚರಿಸುತ್ತಾರೆ. ಬೆಂಗಳೂರು, ಮೈಸೂರಿನವರಿಗೆ ಹಿತವಾದ ದಿನವೇ ಸರಿ, ಕಡಬ, ಸುಬ್ರಹ್ಮಣ್ಯದವರಿಗೆ ಅದು ಕುಮಾರಧಾರೆ ಕೆಂಪಾಗಿ ಹರಿಯುವ ಕಾಲ. ಇಲ್ಲಿ ಬಹಳ ಮಂದಿ ಹಳೆಯ ಬೈಕನ್ನು ಜೂನಿನಲ್ಲಿ ಒಳಗಿಟ್ಟು ಮಳೆ ಮುಗಿದ ಮೇಲೆ ತೆಗೆಯುತ್ತಾರೆ. ಕಿಕ್ ಹೊಡೆದರೆ ಸ್ಟಾರ್ಟ್ ಆಗುವುದಿಲ್ಲ. ಟೈಮಿಂಗ್ ಹೋಗಿದೆ ಎಂದು ತಟ್ಟೆ ತಿರುಗಿಸಲು ಶುರು. ನಿಂತಿದ್ದ ಬೈಕಿನ ಟೈಮಿಂಗ್ ತಾನಾಗಿ ಬದಲಾಗುವುದಿಲ್ಲ ಎಂಬ ಸರಳ ಸಂಗತಿ ಆ ಹೊತ್ತಿಗೆ ನೆನಪಿಗೆ ಬರುವುದಿಲ್ಲ. ನಾಲ್ಕು ತಿಂಗಳ ತೇವಕ್ಕೆ ಪಾಯಿಂಟಿನ ಮುಖದಲ್ಲಿ ಕಿಲುಬು ಕೂತಿರುತ್ತದೆ, ಬ್ಯಾಟರಿ ಇಳಿದಿರುತ್ತದೆ, ಅಷ್ಟೇ. ಒರೆಸಿ, ಚಾರ್ಜ್ ಮಾಡಿ.

ಪಾಯಿಂಟಿನ ಗೋಳೇ ಬೇಡ ಎಂದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸುವವರಿದ್ದಾರೆ. ದಿನವೂ ಓಡಿಸುವ ಬೈಕಾದರೆ ನನ್ನ ತಕರಾರಿಲ್ಲ. 1985ರಿಂದ ಬಂದ ಯಮಹಾ ಆರ್‌ಎಕ್ಸ್ 100 ಪಾಯಿಂಟ್ ಇಲ್ಲದೆಯೇ ಈ ಗುಡ್ಡಗಳನ್ನು ಹತ್ತಿತ್ತು. ಆದರೆ ವಿಂಟೇಜ್ ನೋಂದಣಿಯ ಆಸೆ ಇದ್ದವರು ಯೋಚಿಸಬೇಕು. ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ವಾಹನಕ್ಕೆ ಮಾತ್ರ 'ವಿಎ' ಅಕ್ಷರಗಳ ಫಲಕ ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಅವಧಿ ಹತ್ತು ವರ್ಷ. ಮೈಸೂರಿನ ಜಾವಾ ಹೆಸರಿನ ಬೈಕುಗಳೆಲ್ಲ ಈಗ ಆ ವಯಸ್ಸು ದಾಟಿವೆ.

ಆಯುಧಪೂಜೆಗೆ ಬೈಕು ತೊಳೆಯುವಾಗ ಬಲಬದಿಯ ಕವರಿನ ಮೇಲೆ ಪೈಪಿನಿಂದ ನೇರವಾಗಿ ನೀರು ಹಿಡಿಯಬೇಡಿ. ತೊಳೆದು ಒಣಗಿದ ಮೇಲೆ ಆ ಕವರ್ ಬಿಚ್ಚಿ ಗ್ಯಾಪ್ ನೋಡಿ, ಆಮೇಲೆ ಬಲ್ಬು ಹಾಕಿ ಟೈಮಿಂಗ್ ನೋಡಿ. ಎರಡೂ ಅಂಕಿಗಳನ್ನು ತಾರೀಕಿನ ಸಮೇತ ಟೂಲ್ ಬಾಕ್ಸಿನ ಮುಚ್ಚಳದ ಒಳಗೆ ಬರೆದಿಡಿ. ಮುಂದಿನ ಸಲ ಮೇಸ್ತ್ರಿ ಕೇಳುವ ಗ್ಯಾಪಿನ ಪ್ರಶ್ನೆಗೆ ನಿಮ್ಮ ಹತ್ತಿರ ಉತ್ತರ ಇರಲಿ.